ಕೋವಿ ಲೈಸನ್ಸ್ ಸೇವೆ: ಕರಾವಳಿಯ ತೋಟದವರಿಗೆ ಉಪಯೋಗ ಎಷ್ಟು, ತಲೆನೋವು ಎಲ್ಲಿ

ಯಾವ ಕೋವಿ ಒಳ್ಳೆಯದು, ಯಾವ ಮೇಕ್‌ನ ನಳಿಗೆ ಬಾಳಿಕೆ ಬರುತ್ತದೆ ಎಂದು ಹೇಳುವವರು ಸುಳ್ಯದಿಂದ ಬೈಂದೂರಿನವರೆಗೆ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕೋವಿಯ ಜೊತೆ ಬರುವ ಲೈಸನ್ಸನ್ನೇ ಒಂದು ಸೇವೆ ಎಂದು ಎಣಿಸಿ, ಕೊಟ್ಟ ಶುಲ್ಕಕ್ಕೂ ಹಾಕಿದ ಶ್ರಮಕ್ಕೂ ಅದರಿಂದ ಏನು ಬಂತು ಎಂದು ತೂಗಿ ನೋಡುವುದು ಕಡಿಮೆ. ಇಲ್ಲಿ ನೋಡುತ್ತಿರುವುದು ಅದನ್ನೇ. ಆಯುಧ ಲೈಸನ್ಸಿಗೆ ಆನ್‌ಲೈನ್ ಅರ್ಜಿ ಹಾಕುವ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್, ಲೈಸನ್ಸ್ ಕೊಡುವ ಕಚೇರಿ, ಠಾಣೆಯ ವರದಿ, ಕೊನೆಗೆ ಕೈಗೆ ಬರುವ ಪುಸ್ತಕ, ಎಲ್ಲ ಸೇರಿ ಒಂದು ಪ್ಯಾಕೇಜು.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಅಡಿಕೆ, ತೆಂಗು, ಬಾಳೆ, ಗದ್ದೆ ಇರುವವರಿಗೆ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದ್ದು) ಅಥವಾ ತೋಟೆ ಕೋವಿಯ (ಹಿಂದಿನಿಂದ ಕಾಡತೂಸು ಹಾಕುವಂಥದ್ದು) ಲೈಸನ್ಸ್ ಇಟ್ಟುಕೊಳ್ಳುವುದು ಸಾರ್ಥಕ, ಪುಸ್ತಕವನ್ನು ಸರಿಯಾಗಿ ನೋಡಿಕೊಳ್ಳುವ ಮನಸ್ಸಿದ್ದರೆ. ಪಿಸ್ತೂಲು, ರಿವಾಲ್ವರಿನ ಲೈಸನ್ಸಿಗೆ ಓಡಾಡುವುದು ಹೆಚ್ಚಿನವರಿಗೆ ವ್ಯರ್ಥ. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಕಾಣುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಕೋವಿಯಿಂದ ಬಂದದ್ದಲ್ಲ, ಕಾಗದದಿಂದ ಬಂದದ್ದು.

ಎಲ್ಲಿ ಅರ್ಜಿ ಹಾಕಬೇಕು ಎಂಬಲ್ಲೇ ಮೊದಲ ಎಡವಟ್ಟು. ಉಡುಪಿ ಜಿಲ್ಲೆಯವರಿಗೆ ಗೊಂದಲ ಇಲ್ಲ, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ. ದಕ್ಷಿಣ ಕನ್ನಡದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಪೊಲೀಸ್ ಕಮಿಷನರ್ ಇರುವ ಪ್ರದೇಶವೇ ಒಂದು ಪ್ರತ್ಯೇಕ 'ಜಿಲ್ಲೆ', ಅಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಎಂದರೆ ಕಮಿಷನರ್. ಹಾಗಾಗಿ ಮಂಗಳೂರು ನಗರ, ಉಳ್ಳಾಲ, ಕೊಣಾಜೆ, ಸುರತ್ಕಲ್, ಬಜ್ಪೆ, ಮುಲ್ಕಿ, ಮೂಡುಬಿದಿರೆ ಠಾಣೆಗಳ ವ್ಯಾಪ್ತಿಯವರ ಕಡತ ಕಮಿಷನರ್ ಕಚೇರಿಗೆ ಹೋಗಬೇಕು. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಕಡಬ, ಸುಳ್ಯದವರದ್ದು ಜಿಲ್ಲಾಧಿಕಾರಿಗೆ. ಬಂಟ್ವಾಳದ ತೋಟದ ಮನೆ ಬಿಟ್ಟು ಮಂಗಳೂರಿನ ಫ್ಲ್ಯಾಟಿಗೆ ಬಂದವರು 'ಜಿಲ್ಲೆ ಒಂದೇ ಅಲ್ವಾ' ಎಂದು ಸುಮ್ಮನಿರುತ್ತಾರೆ. ಕಾಯ್ದೆಯ ಲೆಕ್ಕದಲ್ಲಿ ಅವರು ಜಿಲ್ಲೆ ಬದಲಾಯಿಸಿಯಾಗಿದೆ. ಹಳೆಯ ಕಚೇರಿಗೂ ಹೊಸ ಕಚೇರಿಗೂ ತಿಳಿಸಿ ಪುಸ್ತಕದಲ್ಲಿ ವಿಳಾಸ ಬದಲಾಯಿಸಿಕೊಳ್ಳದಿದ್ದರೆ ನವೀಕರಣದ ಹೊತ್ತಿಗೆ ಕಡತ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಎಂಬಂತಾಗುತ್ತದೆ.

ಪುಸ್ತಕದಲ್ಲಿ ವ್ಯಾಪ್ತಿಯ ಕಾಲಂ ಎಂದೊಂದು ಉಂಟು. ಲೈಸನ್ಸ್ ಎಲ್ಲೆಲ್ಲಿ ಚಲಾವಣೆಯಲ್ಲಿದೆ ಎಂದು ಅಲ್ಲಿ ಬರೆದಿರುತ್ತಾರೆ. ತಲಪಾಡಿ ದಾಟಿದರೆ ಕೇರಳ. ಮಂಜೇಶ್ವರದ ಕಡೆ ನಾಲ್ಕು ಎಕ್ರೆ ತೋಟ ಇರುವ ಮಂಗಳೂರಿಗರು ಎಷ್ಟೋ ಜನ ಇದ್ದಾರೆ. ಆ ಕಾಲಂನಲ್ಲಿ ಕೇರಳ ಇಲ್ಲವಾದರೆ ಟೋಲ್‌ಗೇಟಿನಾಚೆ ಆ ಪುಸ್ತಕಕ್ಕೆ ಬೆಲೆ ಇಲ್ಲ, ಕೋವಿ ಲೈಸನ್ಸ್ ಇಲ್ಲದ ಕೋವಿಯೇ.

ಇನ್ನು ಲೈಸನ್ಸಿನ ಬಗೆ. ಸಾಮಾನ್ಯ ಜನರಿಗೆ ಸಂಬಂಧಪಟ್ಟವು ಎರಡು: ಆತ್ಮರಕ್ಷಣೆ, ಕ್ರೀಡೆಗೆ ಕೊಡುವ ನಮೂನೆ 3, ಬೆಳೆ ರಕ್ಷಣೆಗೆ ಕೊಡುವ ನಮೂನೆ 4. ಕಾಯ್ದೆಯ ಕಲಂ 13 ಇಲ್ಲಿ ಸ್ವಾರಸ್ಯಕರ. ನಳಿಗೆ 20 ಇಂಚಿಗಿಂತ ಕಡಿಮೆ ಇಲ್ಲದ, ಒಳಗೆ ಗೀರು ಇಲ್ಲದ ನಯನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಅನರ್ಹತೆ ಇಲ್ಲದ ಭಾರತೀಯ ಪ್ರಜೆಗೆ ಲೈಸನ್ಸ್ 'ಕೊಡತಕ್ಕದ್ದು' ಎನ್ನುತ್ತದೆ. ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆ ಕೋವಿಗೂ ಕೊಡಬಹುದು. ಉಳಿದ ಹೆಚ್ಚಿನವಕ್ಕೆ, ಅಂದರೆ ಪಿಸ್ತೂಲು, ರಿವಾಲ್ವರು, ರೈಫಲಿಗೆ, 'ಸರಿಯಾದ ಕಾರಣ' ಉಂಟೆಂದು ಅರ್ಜಿದಾರನೇ ತೋರಿಸಿಕೊಡಬೇಕು. ಆದ್ದರಿಂದ ಎಸ್‌ಬಿಎಂಎಲ್ (ಒಂಟಿನಳಿಗೆಯ ಕೇಪಿನ ಕೋವಿ), ಎಸ್‌ಬಿಬಿಎಲ್ (ಒಂಟಿನಳಿಗೆಯ ತೋಟೆ ಕೋವಿ), ಡಿಬಿಬಿಎಲ್ (ಜೋಡುನಳಿಗೆಯ ತೋಟೆ ಕೋವಿ) ಎಂದು ಕಡತದಲ್ಲಿ ಬರೆಯುವ ಮೂರು ಬಗೆಗಳಲ್ಲಿ ಒಂದನ್ನು ಕೇಳುವವನು ಕಾನೂನಿನ ಗಟ್ಟಿ ನೆಲದ ಮೇಲೆ ನಿಂತಿರುತ್ತಾನೆ. ಜಾಗ, ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವ ಹಾಗಿಲ್ಲ ಎಂದು ಕಲಂ 14ರಲ್ಲೇ ಉಂಟು. ಇದನ್ನು ತಿಳಿಯದೆ ಎಷ್ಟೋ ಸಣ್ಣ ಹಿಡುವಳಿದಾರರು ಅರ್ಜಿಯನ್ನೇ ಹಾಕುವುದಿಲ್ಲ.

ಪೋರ್ಟಲಿಗೆ ಬರುವ. ರಾಜ್ಯ, ಜಿಲ್ಲೆ, ಬೇಕಾದ ಸೇವೆ ಆರಿಸಿ ನಮೂನೆ ಎ-1 ತುಂಬುವುದು, ದಾಖಲೆ ಏರಿಸುವುದು, ಮುದ್ರಿತ ಪ್ರತಿ ತೆಗೆದು ಸಹಿ ಹಾಕಿ ಮೂಲ ದಾಖಲೆಗಳೊಂದಿಗೆ ಕಚೇರಿಗೆ ಕೊಡುವುದು. ಕೇಳಲು ಸರಳ. ಜನ್ಮದಿನಾಂಕಕ್ಕೆ ಪುರಾವೆ (21 ವರ್ಷ ತುಂಬಿರಬೇಕು), ಗುರುತು ಮತ್ತು ವಿಳಾಸದ ದಾಖಲೆ, ಪಾಸ್‌ಪೋರ್ಟ್ ಅಳತೆಯ ಫೋಟೊ, ವೈದ್ಯರು ನಮೂನೆ ಎಸ್-3ರಲ್ಲಿ ಬರೆದುಕೊಡುವ ದೇಹ ಮತ್ತು ಮನಸ್ಸಿನ ಆರೋಗ್ಯದ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಆಯುಧ ಸುರಕ್ಷತೆಯ ತರಬೇತಿ ಪಡೆದ ಪತ್ರ. ಕೊನೆಯದು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದೆ ಹಲವರು ಅರ್ಧದಲ್ಲಿ ಬಿಡುತ್ತಾರೆ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅದಕ್ಕೆ ಮೊದಲೇ ಹೆಸರು ಕೊಟ್ಟು, ತರಬೇತಿ ಮುಗಿಸಿ, ಆಮೇಲೆ ಪೋರ್ಟಲ್ ತೆರೆಯುವುದು ಜಾಣತನ. ಅರ್ಜಿ ಹಾಕಿ ಶಿಬಿರಕ್ಕೆ ಕಾದರೆ ಕಡತ ಆಕ್ಷೇಪಣೆಯಲ್ಲಿ ಕೂರುತ್ತದೆ.

ಕೆಡುವುದು ಹೆಸರಿನಲ್ಲಿ. ಹಳೆಯ ಪುಸ್ತಕದಲ್ಲಿ ಮನೆತನದ ಹೆಸರು ಮುಂದೆ, ಆಧಾರ್‌ನಲ್ಲಿ ಇನಿಷಿಯಲ್, ಆರ್‌ಟಿಸಿಯಲ್ಲಿ ತಂದೆಯ ಹೆಸರು ಸೇರಿಸಿ ಮತ್ತೊಂದು, ಬ್ಯಾಂಕ್ ಪುಸ್ತಕದಲ್ಲಿ ಬರೇ ಶೆಟ್ಟಿ ಅಥವಾ ಪೂಜಾರಿ. ನಾಲ್ಕೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ನೋಟರಿ ಮುಂದೆ ಮಾಡಿದ ಒಂದು ಅಫಿದವಿತ್ತು ಮೊದಲೇ ಲಗತ್ತಿಸಿದರೆ ಎರಡು ತಿಂಗಳ ಅಲೆದಾಟ ತಪ್ಪುತ್ತದೆ. ಎರಡನೆಯದು ಜಾಗದ್ದು. ಬೆಳೆ ರಕ್ಷಣೆಯ ಲೈಸನ್ಸಿಗೆ ಯಾವ ಜಾಗದ ಯಾವ ಬೆಳೆ ಎಂದು ತೋರಿಸಬೇಕು. ಇಲ್ಲಿಯ ಅವಿಭಕ್ತ ಕುಟುಂಬಗಳಲ್ಲಿ ಆರ್‌ಟಿಸಿ ಇನ್ನೂ ಅಜ್ಜನ ಹೆಸರಿನಲ್ಲೋ ದೊಡ್ಡಮ್ಮನ ಹೆಸರಿನಲ್ಲೋ ಇರುತ್ತದೆ, ತೋಟ ನೋಡಿಕೊಳ್ಳುವವ ತಮ್ಮನ ಮಗ. ಆಗ ವಂಶವೃಕ್ಷ, ಉಳಿದ ಹಕ್ಕುದಾರರ ಒಪ್ಪಿಗೆ ಪತ್ರ ಇಲ್ಲದೆ ಹೋಗಿ ಪ್ರಯೋಜನ ಇಲ್ಲ. ಕುಮ್ಕಿ ಜಾಗದಲ್ಲಿ ಅಡಿಕೆ ನೆಟ್ಟಿದ್ದರೆ ಅದನ್ನು ಆಧಾರವಾಗಿ ತೋರಿಸಬೇಡಿ, ಕುಮ್ಕಿ ಸರಕಾರಿ ಜಾಗ. ಸ್ವಂತ ಪಟ್ಟಾ ಇರುವ ವರ್ಗ ಜಾಗದ ಸರ್ವೆ ನಂಬರನ್ನೇ ಕೊಡಿ.

ಠಾಣೆಯ ವರದಿಗೆ ನಿಯಮದಲ್ಲಿ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂದು ಉಂಟು. ವರದಿ ಗಡುವಿನೊಳಗೆ ಬಾರದಿದ್ದರೆ ಅದಕ್ಕಾಗಿ ಕಾಯದೆಯೂ ಆದೇಶ ಮಾಡುವ ಅಧಿಕಾರ ಲೈಸನ್ಸ್ ಅಧಿಕಾರಿಗೆ ಇದೆ, ಅದನ್ನು ಬಳಸುವುದು ವಿರಳ. ನಿರಾಕರಿಸಿದರೆ ಕಾರಣವನ್ನು ಲಿಖಿತದಲ್ಲಿ ದಾಖಲಿಸಬೇಕು, ಕೇಳಿದವರಿಗೆ ಅದರ ಸಂಕ್ಷಿಪ್ತ ಪ್ರತಿ ಕೊಡಬೇಕು. ಬಾಯಿಮಾತಿನ 'ಆಗುವುದಿಲ್ಲ' ಕೇಳಿ ವಾಪಸಾಗುವವರು ಕಲಂ 18ರ ಮೇಲ್ಮನವಿಯ ದಾರಿಯನ್ನೇ ಕಳೆದುಕೊಳ್ಳುತ್ತಾರೆ, ಏಕೆಂದರೆ ಮೇಲ್ಮನವಿಗೆ ಆದೇಶದ ಪ್ರತಿ ಬೇಕು. ಈ ಭಾಗಕ್ಕೆ ಅಂಕ ಕೊಡುವುದಾದರೆ ಹತ್ತಕ್ಕೆ ನಾಲ್ಕು. ನಿಯಮ ಚೆನ್ನಾಗಿದೆ, ನಡಿಗೆ ನಿಧಾನ.

ಘಟ್ಟದ ಬುಡದವರಿಗೆ ಇನ್ನೊಂದು ಗೇಟು ಉಂಟು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಲಂ 34ರ ಪ್ರಕಾರ ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ 10 ಕಿಲೋಮೀಟರ್ ಒಳಗೆ ಹೊಸ ಲೈಸನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. ಇದೇ ಕಲಂ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯ. ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯ, ಹೆಬ್ರಿ ಕಡೆ ಸೋಮೇಶ್ವರ, ಕಾರ್ಕಳ ಮತ್ತು ಬೆಳ್ತಂಗಡಿಯ ಮೇಲ್ಭಾಗಕ್ಕೆ ಕುದುರೆಮುಖ, ಸುಬ್ರಹ್ಮಣ್ಯದ ನೆತ್ತಿಗೆ ಪುಷ್ಪಗಿರಿ. ನಕ್ಷೆಯಲ್ಲಿ ಇವುಗಳ ಗಡಿಯಿಂದ ಹತ್ತು ಕಿಲೋಮೀಟರ್ ಗೆರೆ ಎಳೆದು ನೋಡಿದರೆ ಮಂಗ, ಹಂದಿಯ ಉಪದ್ರ ಯಾವ ಗ್ರಾಮಗಳಲ್ಲಿ ಹೆಚ್ಚೋ ಅವೇ ಗ್ರಾಮಗಳು ಒಳಗೆ ಬೀಳುತ್ತವೆ. ಕೋವಿ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಕಡತ ಉದ್ದ. ಅರ್ಜಿಯ ಜೊತೆಗೇ ಗಡಿಯಿಂದ ಇರುವ ದೂರವನ್ನು ಬರೆದು ಅರಣ್ಯ ಇಲಾಖೆಯ ಅಭಿಪ್ರಾಯ ಕೋರಿದರೆ, ಕೊನೆಯ ಮೇಜಿಗೆ ಹೋದ ಮೇಲೆ ಕಡತ ಹಿಂದೆ ಬರುವುದು ತಪ್ಪುತ್ತದೆ.

ಬೆಳೆ ರಕ್ಷಣೆಯ ಲೈಸನ್ಸ್ ಎಂದರೆ ಪ್ರಾಣಿ ಹೊಡೆಯುವ ಲೈಸನ್ಸ್ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಪುಸ್ತಕ ಕೊಡುವುದು ಕೋವಿ ಇಟ್ಟುಕೊಳ್ಳುವ, ತೋಟದಲ್ಲಿ ಹಿಡಿದು ನಡೆಯುವ ಅನುಮತಿ ಮಾತ್ರ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಎಂದು ಅದನ್ನು ಹೊಡೆಯಬೇಕಾದರೆ ಕಲಂ 11ರ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಆದೇಶ ಪ್ರತ್ಯೇಕವಾಗಿ ಬೇಕು. ಕಾಟಿ (ಕಾಡುಕೋಣ), ಆನೆ, ನವಿಲು ಒಂದನೇ ಅನುಸೂಚಿ. ಅಲ್ಲಿ ತಪ್ಪಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಪ್ರಾಣಿ ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಸದ್ಭಾವದಿಂದ ಹೊಡೆದದ್ದು ಅಪರಾಧ ಅಲ್ಲ ಎಂಬ ರಕ್ಷಣೆ ಇದೆ, ಆದರೆ ಅದನ್ನು ಸಾಬೀತು ಮಾಡುವ ಕೆಲಸ ತೋಟದಲ್ಲಿ ಮುಗಿಯುವುದಿಲ್ಲ. ದಿನನಿತ್ಯದ ಉಪಯೋಗ ಸದ್ದು ಮಾಡಿ ಓಡಿಸುವುದು, ಅದಕ್ಕೆ ಕೇಪಿನ ಕೋವಿ ಧಾರಾಳ ಸಾಕು.

ಲೈಸನ್ಸೇ ಬೇಡದ ದಾರಿಯೂ ಉಂಟಲ್ಲ, ಏರ್‌ಗನ್. 2016ರ ಆಯುಧ ನಿಯಮಗಳ ಪ್ರಕಾರ ಗುಂಡಿನ ಶಕ್ತಿ 20 ಜೂಲ್ ಮೀರದ, ಬೋರ್ 0.177 ಇಂಚು ಅಂದರೆ 4.5 ಮಿಲಿಮೀಟರ್ ಮೀರದ ಏರ್‌ಗನ್‌ಗೆ ಲೈಸನ್ಸ್ ಬೇಡ. 0.22 ಬೋರಿನದ್ದನ್ನು 'ಇದಕ್ಕೂ ಬೇಡ' ಎಂದು ದಾಟಿಸುವ ಮಾರಾಟಗಾರರ ಮಾತಿಗೆ ಮರುಳಾಗಬಾರದು. ಕೊಳ್ಳುವಾಗ ಬೋರ್, ಶಕ್ತಿ, ಸೀರಿಯಲ್ ನಂಬರು ನಮೂದಿಸಿದ ಬಿಲ್ಲನ್ನು ಕೇಳಿ ಪಡೆದು, ಲ್ಯಾಮಿನೇಟ್ ಮಾಡಿ ಕೋವಿಯ ಚೀಲದಲ್ಲೇ ಇಡಿ. ಲೈಸನ್ಸ್ ಬೇಡದ ವಸ್ತುವಿಗೆ ಆ ಬಿಲ್ಲೇ ಪುಸ್ತಕ. ಸ್ಪ್ರಿಂಗ್ ಬದಲಾಯಿಸಿ ಶಕ್ತಿ ಏರಿಸಿದರೆ ಆ ಕ್ಷಣಕ್ಕೆ ವಿನಾಯಿತಿ ಮುಗಿಯಿತು. ಇನ್ನು ಏರ್‌ಗನ್‌ನಿಂದ ಮಂಗನಿಗೆ ಹೊಡೆಯುವುದು: ಸಾಯದೆ ಗಾಯವಾದರೂ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯೇ.

ವಿನಾಯಿತಿಯ ದೊಡ್ಡ ಉದಾಹರಣೆ ಪಕ್ಕದಲ್ಲೇ ಇದೆ. ಕೊಡಗಿನ ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯದ ಜಾಗ) ಹಿಡುವಳಿದಾರರಿಗೆ ಆಯುಧ ಕಾಯ್ದೆಯ ಕಲಂ 41ರ ಅಡಿಯಲ್ಲಿ ಲೈಸನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಮಂಗಳೂರಿನಲ್ಲಿ ನೆಲೆಸಿದ ಕೊಡವರು ಗಮನಿಸಬೇಕಾದದ್ದು ಇಷ್ಟು: ವಿನಾಯಿತಿ ಜಿಲ್ಲೆಯ ಹೊರಗೂ ಬರುತ್ತದೆ, ಆದರೆ ಮಿತಿ ಬೀಳುತ್ತದೆ. ಹೊರಗೆ ವಾಸಿಸುವಾಗ ಅಥವಾ ಸಂಚರಿಸುವಾಗ ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನಯನಳಿಗೆ ಕೋವಿ ಮತ್ತು ಅದರ 500 ತೋಟೆ, ಇದನ್ನು ಮೀರುವಂತಿಲ್ಲ. ಸಂಪಾಜೆ ಘಾಟಿ ಇಳಿದ ಮೇಲೆ ತಪಾಸಣೆಯವರಿಗೆ ತೋರಿಸಬೇಕಾದದ್ದು ಕೊಡಗು ಜಿಲ್ಲಾಡಳಿತ ಕೊಟ್ಟ ವಿನಾಯಿತಿ ಪ್ರಮಾಣಪತ್ರ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ ಹಾಕಿಕೊಂಡಿದ್ದರೆ ಸಾಕಾಗುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ, 'ಟೆಕ್ಸಾಸಿನಲ್ಲಿ ಪರ್ಮಿಟ್ಟೇ ಬೇಡವಂತೆ' ಎಂದು. ಹೌದು, 2021ರ ಸೆಪ್ಟೆಂಬರ್ 1ರಿಂದ ಅಲ್ಲಿ 21 ತುಂಬಿದ, ಕಾನೂನುಬದ್ಧವಾಗಿ ಕೋವಿ ಇಟ್ಟುಕೊಳ್ಳಬಲ್ಲವರು ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯಬಹುದು. 2024ರ ಹೊತ್ತಿಗೆ ಇಂಥ ಕಾನೂನಿನ ರಾಜ್ಯಗಳು 29 ಆದವು. ಹಾಗಿದ್ದೂ ಅಲ್ಲಿ ಜನ ಪರ್ಮಿಟ್ ಮಾಡಿಸುತ್ತಲೇ ಇದ್ದಾರೆ, ಕಾರಣ ಲೆಕ್ಕಾಚಾರದ್ದು. ಶಾಲೆಯ ಆವರಣದಿಂದ 1000 ಅಡಿ ಒಳಗೆ ಕೋವಿ ಒಯ್ಯುವುದನ್ನು ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದರಿಂದ ಬಿಡುಗಡೆ ಇರುವುದು ಅದೇ ರಾಜ್ಯದ ಪರ್ಮಿಟ್ ಇದ್ದವರಿಗೆ, ಪರ್ಮಿಟ್ ಬೇಡ ಎಂಬ ಕಾನೂನನ್ನು ನಂಬಿದವರಿಗಲ್ಲ. ಪೇಟೆಯಲ್ಲಿ ಕಾರು ಓಡಿಸುವವನು ಶಾಲೆಗಳನ್ನು ಸುತ್ತಿ ಹೋಗಲು ಸಾಧ್ಯವೇ? ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿ ಮಾನ್ಯತೆ ಸಿಗುವುದೂ ಪರ್ಮಿಟ್ ಇದ್ದಾಗ. ಕೋವಿ ಕೊಳ್ಳುವಾಗ ಅಂಗಡಿಯಲ್ಲಿ ಪ್ರತಿ ಸಲ ನಡೆಯುವ ಹಿನ್ನೆಲೆ ತಪಾಸಣೆಗೆ ಟೆಕ್ಸಾಸಿನ ಪರ್ಮಿಟ್ ಬದಲಿಯಾಗುತ್ತದೆ. ನಮ್ಮವರಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಬೇರೆ: ಎಫ್-1, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದೇ ಅಲ್ಲಿ ಕೇಂದ್ರ ಅಪರಾಧ, ಬೇಟೆ ಲೈಸನ್ಸ್ ಇರುವುದು ಮುಂತಾದ ಕೆಲವು ಅಪವಾದ ಬಿಟ್ಟರೆ. ರಾಜ್ಯದ ಸಡಿಲ ಕಾನೂನು ಅವರನ್ನು ಕಾಯುವುದಿಲ್ಲ. ಮಗನಿಗೆ ಫೋನು ಮಾಡಿ ಹೇಳಬೇಕಾದ ಸಂಗತಿ ಇದು.

ಈಗ ಚುನಾವಣೆಯ ಠೇವಣಿ, ಅಂದರೆ ಚುನಾವಣೆ ಮುಗಿಯುವವರೆಗೆ ಕೋವಿಯನ್ನು ಒಪ್ಪಿಸಿ ಇಡುವುದು. ಈ ಸೇವೆಯ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ಸಿಟ್ಟು ಇರುವುದು ಇಲ್ಲಿಯೇ. 2024ರ ಲೋಕಸಭಾ ಚುನಾವಣೆಯನ್ನು ನೋಡಿ: ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಬೈಂದೂರು ಬಿಟ್ಟರೆ ಇಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು, ಫಲಿತಾಂಶ ಜೂನ್ 4ಕ್ಕೆ. ನಮ್ಮಲ್ಲಿ ಮತ ಬಿದ್ದು ಐದು ವಾರ ಕಳೆದರೂ ದೇಶದ ಉಳಿದ ಭಾಗಕ್ಕೆ ಕಾಯಬೇಕಾಯಿತು. ಎಳನೀರಿನ ಬೊಂಡ, ಬಾಳೆಗೊನೆಗಳಿಗೆ ಮಂಗ ನುಗ್ಗುವ ಬೇಸಗೆಯಿಡೀ ಕೋವಿ ಮನೆಯಲ್ಲಿಲ್ಲ. ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿಯನ್ನು ಕಣ್ಣುಮುಚ್ಚಿ ಕಸಿದುಕೊಳ್ಳಿ ಎಂದಿಲ್ಲ. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಪಾಲ್ಗೊಂಡವರು, ಹೀಗೆ ಒಬ್ಬೊಬ್ಬರ ಪ್ರಕರಣವನ್ನು ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕು. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧಾಳುಗಳಿಗೆ ವಿನಾಯಿತಿಯೂ ಇದೆ. ಆದ್ದರಿಂದ ಠೇವಣಿ ನೋಟಿಸು ಬಂದ ಕೂಡಲೇ ಸಮಿತಿಗೆ ಲಿಖಿತ ಮನವಿ ಕೊಡಬೇಕು: ಆರ್‌ಟಿಸಿ, ಬೆಳೆ ಹಾನಿಯ ಬಗ್ಗೆ ಹಿಂದೆ ಕೊಟ್ಟ ದೂರಿನ ಪ್ರತಿ, ತೋಟದ ನಡುವಿನ ಒಂಟಿ ಮನೆಯಾಗಿದ್ದರೆ ಅದರ ವಿವರ, ಯಾವ ಪ್ರಕರಣವೂ ಇಲ್ಲವೆಂಬ ಹೇಳಿಕೆ. ಮನವಿಯ ನಕಲಿಗೆ ಮೊಹರು ಹಾಕಿಸಿಕೊಳ್ಳದೆ ಬರಬಾರದು. ಠೇವಣಿಯ ಕೊನೆಯ ದಿನ ಕೊಟ್ಟ ಮನವಿ ಸಮಿತಿಯ ಮುಂದೆ ಬರುವುದು ಕೋವಿ ಠಾಣೆ ಸೇರಿದ ಮೇಲೆಯೇ.

ಇಡಲೇಬೇಕಾಗಿ ಬಂದರೆ ಠಾಣೆಯಲ್ಲೂ ಇಡಬಹುದು, ಲೈಸನ್ಸ್ ಇರುವ ಕೋವಿ ವ್ಯಾಪಾರಿಯ ಬಳಿಯೂ ಇಡಬಹುದು. ವ್ಯಾಪಾರಿ ಬಾಡಿಗೆ ತೆಗೆದುಕೊಳ್ಳುತ್ತಾನೆ, ಆದರೆ ಎಣ್ಣೆ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾನೆ. ಠಾಣೆಗಳಲ್ಲಿ ಜಾಗ ಕಡಿಮೆ, ಹತ್ತಾರು ಕೋವಿಗಳು ಒಂದರ ಮೇಲೊಂದು ಒರಗಿರುತ್ತವೆ. ಒಳ್ಳೆಯ ಜೋಡುನಳಿಗೆ ಕೋವಿ ಇರುವವರು ಬಾಡಿಗೆಯ ಮುಖ ನೋಡಬಾರದು.

ಒಪ್ಪಿಸುವ ಹಿಂದಿನ ದಿನ ಮಾಡಬೇಕಾದ ಕೆಲಸ ಉಂಟು. ಕೇಪಿನ ಕೋವಿಯಾದರೆ ಮೊದಲು ಅದು ಖಾಲಿಯೇ ಎಂದು ನೋಡಬೇಕು, ನೋಟಕ್ಕೆ ಗೊತ್ತಾಗುವುದಿಲ್ಲ. ಮದ್ದು ತುರುಕುವ ಸರಳನ್ನು ನಳಿಗೆಯೊಳಗೆ ತಳಮುಟ್ಟ ಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಸುಣ್ಣದಲ್ಲೋ ಚಾಕ್‌ಪೀಸಿನಲ್ಲೋ ಗುರುತು ಹಾಕಿ. ಹೊರತೆಗೆದು ಅದೇ ಸರಳನ್ನು ನಳಿಗೆಯ ಹೊರಮೈಗೆ ತಾಗಿಸಿ ಹಿಡಿಯಿರಿ, ಗುರುತು ಬಾಯಿಗೆ ಸರಿಯಾಗಿರಲಿ. ಸರಳಿನ ತುದಿ ಕೇಪು ಇಡುವ ನಿಪ್ಪಲ್‌ನ ನೇರಕ್ಕೆ ಬಂದರೆ ಖಾಲಿ. ನಿಪ್ಪಲ್‌ನವರೆಗೆ ತಲುಪದೆ ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಮದ್ದು, ಬಟ್ಟೆ, ಗುಂಡು ಕೂತಿದೆ ಎಂದೇ ತಿಳಿಯಬೇಕು. ತೋಟೆ ಕೋವಿಯಾದರೆ ಮಡಚಿ ಎರಡೂ ಕೋಣೆ ನೋಡಿದರೆ ಆಯಿತು. ಆಮೇಲೆ ನಳಿಗೆಯೊಳಗೆ ಒಣಬಟ್ಟೆ ಎಳೆದು ಮಸಿ ತೆಗೆದು ತೆಳುವಾಗಿ ಗನ್ ಆಯಿಲ್, ಅದಿಲ್ಲದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆ. ತೆಂಗಿನೆಣ್ಣೆ ಹಾಕುವ ಅಭ್ಯಾಸ ನಮ್ಮಲ್ಲಿ ಇದೆ, ಬೇಡ. ಕ್ರಮೇಣ ಅಂಟಾಗಿ ದೂಳು ಹಿಡಿದು ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಕವರಿನಲ್ಲಿ ಕೊಡುವುದೂ ಬೇಡ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಆ ಬಟ್ಟೆ ಪಸೆ ಹೀರಿ ನಳಿಗೆಗೆ ಒತ್ತಿ ಹಿಡಿಯುತ್ತದೆ, ಜೂನ್ ಮೊದಲ ಮಳೆಗೆ ಕೆಂಪು ತುಕ್ಕು ಏಳುತ್ತದೆ. ಹೆಸರು, ಲೈಸನ್ಸ್ ನಂಬರು, ಕೋವಿಯ ನಂಬರು ಬರೆದ ತಗಡಿನ ಚೀಟಿಯನ್ನು ತಂತಿಯಲ್ಲಿ ಟ್ರಿಗರಿನ ಸುತ್ತಲಿನ ಬಳೆಗೆ ಕಟ್ಟಿ. ರಸೀದಿಯಲ್ಲಿ ಮೇಕ್, ಬೋರ್, ನಂಬರು, ತೋಟೆಯ ಲೆಕ್ಕ ಮಾತ್ರವಲ್ಲ, 'ಸುಸ್ಥಿತಿಯಲ್ಲಿದೆ' ಎಂಬ ಮಾತೂ ಬರಲಿ. ಒಪ್ಪಿಸುವಾಗ ಮೊಬೈಲಿನಲ್ಲಿ ನಾಲ್ಕು ಫೋಟೊ. ವಾಪಸು ಕೊಡುವುದು ಫಲಿತಾಂಶ ಬಂದು ಒಂದು ವಾರದ ಬಳಿಕ, ತಾನಾಗಿ ಮನೆಗೆ ಬರುವುದಿಲ್ಲ, ಹೋಗಿ ಕೇಳಬೇಕು.

ವಯಸ್ಸಾದವರು ಕೋವಿ ಹೊತ್ತು ಠಾಣೆಗೆ ಹೋಗಲು ಕಷ್ಟಪಡುವುದನ್ನು ಪ್ರತಿ ಚುನಾವಣೆಯಲ್ಲೂ ಕಾಣಬಹುದು. ಆಯುಧ ಕಾಯ್ದೆಯ ಕಲಂ 3ರಲ್ಲಿ ದಾರಿ ಇದೆ: ರಿಪೇರಿಗೆ, ಲೈಸನ್ಸ್ ನವೀಕರಣಕ್ಕೆ, ಅಥವಾ ಲೈಸನ್ಸ್‌ದಾರನ ಉಪಯೋಗಕ್ಕೆ, ಅವನ ಲಿಖಿತ ಅಧಿಕಾರದೊಂದಿಗೆ ಮತ್ತೊಬ್ಬರು ಕೋವಿ ಒಯ್ಯಬಹುದು. ಪತ್ರದಲ್ಲಿ ಒಯ್ಯುವವನ ಹೆಸರು, ಕೋವಿಯ ನಂಬರು, ಎಲ್ಲಿಂದ ಎಲ್ಲಿಗೆ, ಯಾವ ದಿನ, ಯಾವ ಉದ್ದೇಶ ಎಂದು ಬರೆದು ಸಹಿ, ಜೊತೆಗೆ ಪುಸ್ತಕ. ಚುನಾವಣೆಯ ಠೇವಣಿಯ ಹೆಸರು ಆ ಕಲಂನಲ್ಲಿ ಇಲ್ಲದ ಕಾರಣ, ಅದಕ್ಕೆ ಕಳುಹಿಸುವ ಮೊದಲು ಠಾಣೆಗೆ ಫೋನು ಮಾಡಿ ಹೇಳಿಬಿಡುವುದು ಒಳ್ಳೆಯದು. ಪತ್ರ ಇಲ್ಲದೆ ಮಗ ಬೈಕಿನಲ್ಲಿ ಒಯ್ದರೆ ಅದು ಲೈಸನ್ಸ್ ಇಲ್ಲದ ಸ್ವಾಧೀನ ಎಂಬ ಪ್ರಶ್ನೆಗೆ ಎಡೆಯಾಗುತ್ತದೆ. ಆ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಅದರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ.

ಅದೇ ತಿದ್ದುಪಡಿ ಇನ್ನೂ ಮೂರು ಬದಲಾವಣೆ ತಂದಿತು. ಲೈಸನ್ಸಿನ ಅವಧಿ 3 ವರ್ಷದಿಂದ 5ಕ್ಕೆ ಏರಿತು, ಇದು ನಿಜವಾದ ಉಪಕಾರ. ಒಬ್ಬರಿಗೆ ಮೂರು ಕೋವಿ ಇದ್ದದ್ದು ಎರಡಕ್ಕೆ ಇಳಿಯಿತು. ಮದುವೆ, ಉತ್ಸವಗಳಲ್ಲಿ ಖುಷಿಗೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನವೀಕರಣದ ಅರ್ಜಿ ಅವಧಿ ಮುಗಿಯುವ 60 ದಿನ ಮೊದಲೇ ಹೋಗಬೇಕು. ಐದು ವರ್ಷ ಎಂಬುದು ಮರೆಯಲು ಸಾಕಷ್ಟು ದೀರ್ಘ, ಅದೇ ಕೆಡುಕು. ಮೂರು ವರ್ಷಕ್ಕೊಮ್ಮೆ ಹೋಗುತ್ತಿದ್ದವರಿಗೆ ಲೆಕ್ಕ ನೆನಪಿರುತ್ತಿತ್ತು. ಯುಐಎನ್ ಎಂಬ ಗುರುತು ಸಂಖ್ಯೆ ಪುಸ್ತಕದ ಮೇಲೆ ಇದೆಯೇ ಎಂದು ನೋಡಿ. ಅದನ್ನು ಪಡೆಯಲು ಕೊಟ್ಟ ಕೊನೆಯ ಗಡುವು 2020ರ ಜೂನ್‌ನಲ್ಲಿ ಮುಗಿದಿದೆ, ಅದಿಲ್ಲದ ಹಳೆಯ ಕೈಬರಹದ ಪುಸ್ತಕಕ್ಕೆ ಮಾನ್ಯತೆ ಇಲ್ಲ.

ಈ ಸೇವೆಯಲ್ಲಿ ಅತ್ಯಂತ ಒಳ್ಳೆಯದೂ ಅತ್ಯಂತ ಕಡಿಮೆ ಬಳಕೆಯಾಗುವುದೂ ವಾರಸುದಾರರಿಗೆ ವರ್ಗಾಯಿಸುವ ಅವಕಾಶ. 2016ರ ನಿಯಮ 25ರ ಪ್ರಕಾರ ಲೈಸನ್ಸ್‌ದಾರನಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಹೊಂದಿ 25 ವರ್ಷ ಆದಾಗ, ಯಾವುದು ಮೊದಲೋ ಆಗ, ತಾನು ಬದುಕಿರುವಾಗಲೇ ಅರ್ಹ ವಾರಸುದಾರನ ಹೆಸರಿಗೆ ಮಾಡಿಸಬಹುದು. ಅಪ್ಪನೇ ಕಚೇರಿಗೆ ಬಂದು ಸಹಿ ಹಾಕಿದರೆ ಕೆಲಸ ಸಲೀಸು. ಸತ್ತ ಮೇಲಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮುಂಬೈಯಲ್ಲಿರುವ ಅಕ್ಕನ, ದುಬೈಯಲ್ಲಿರುವ ತಮ್ಮನ ಆಕ್ಷೇಪಣೆ ಇಲ್ಲವೆಂಬ ಅಫಿದವಿತ್ತು ಎಲ್ಲ ಬೇಕು. ಅಲ್ಲಿಯವರೆಗೆ ಕೋವಿ ಮನೆಯಲ್ಲಿ ಇಡುವಂತೆಯೂ ಇಲ್ಲ. ಕಲಂ 21ರಂತೆ ಅನಗತ್ಯ ತಡ ಮಾಡದೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕು. ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಮರೆತು ವರ್ಷಗಟ್ಟಲೆ ಅಟ್ಟದಲ್ಲಿ ಉಳಿದ ಕೋವಿಗಳು ಒಂದೆರಡಲ್ಲ.

ಪಿಸ್ತೂಲಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬೆದರಿಕೆಗೆ ದಾಖಲೆ, ಅಂದರೆ ಠಾಣೆಯ ದೂರು, ಎಫ್‌ಐಆರ್, ವ್ಯವಹಾರದ ಸ್ವರೂಪ ತೋರಿಸುವ ಕಾಗದ ಇಲ್ಲದೆ 'ಸರಿಯಾದ ಕಾರಣ' ಎಂಬ ಬಾಗಿಲು ತೆರೆಯುವುದಿಲ್ಲ. ತೆರೆದರೂ ಗದ್ದೆ ತೋಟಕ್ಕೆ ಅದರಿಂದ ಏನೂ ಆಗುವುದಿಲ್ಲ.

ಗುತ್ತಿನ ಮನೆಗಳ ಚಾವಡಿಯಲ್ಲಿ ತೂಗುಹಾಕಿದ ಹಳೆಯ ಕೋವಿಗಳ ಬಗ್ಗೆ ಒಂದು ಮಾತು ಬಾಕಿ ಇದೆ. ಆಯುಧಪೂಜೆಗೆ ಮಾತ್ರ ಇಳಿಸುವುದು, ಅದಕ್ಕೆಂಥ ಲೈಸನ್ಸ್ ಎನ್ನುತ್ತಾರೆ. ಕಲಂ 45 ವಿನಾಯಿತಿ ಕೊಡುವುದು ಕಾಲ ಮೀರಿದ ಮಾದರಿಯ, ಪುರಾತನ ಬೆಲೆಯ, ಅಥವಾ ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದ ಆಯುಧಕ್ಕೆ. ನಿಪ್ಪಲ್ ಕಳಚಿಟ್ಟ, ಕುದುರೆ ಮುರಿದ ಕೇಪಿನ ಕೋವಿ ರಿಪೇರಿಯಾಗುವಂಥದ್ದು, ಹಾಗಾಗಿ ಆ ವಿನಾಯಿತಿಯನ್ನು ನಂಬಿ ಕೂರುವಂತಿಲ್ಲ. ಗೋಡೆಯಿಂದ ಇಳಿಸಿ, ನಂಬರು ಕಾಣುವಂತೆ ಫೋಟೊ ತೆಗೆದು, ಲೈಸನ್ಸ್ ಅಧಿಕಾರಿಗೆ ಬರೆದು ಪರಿಶೀಲನೆ ಕೋರಿ ಉತ್ತರ ತರಿಸಿಕೊಳ್ಳಬೇಕು. ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಆ ಕೋವಿಯ ಕೆಳಗೇ ಫ್ರೇಮು ಹಾಕಿಸಿ ಇಟ್ಟರೂ ಆಯಿತು.